ಕೊಂಡಮ್ಮನ ಹೆಸರಿನಲ್ಲಿ ಹೋದ ಕಣ್ಣು

ಮೊದಲು ಸರಕು ನೋಡೋಣ. ಎತ್ತರ ಸಾಧಾರಣ, ಮೈಕಟ್ಟು ಗಟ್ಟಿ, ಬಣ್ಣ ಬಿಸಿಲಿಗೆ ಹಾಕಿದ ಕರಿಕಂಬಳಿಯದು. ಉಟ್ಟ ಸೀರೆ ಹಳೆಯದು, ಆದರೆ ಅಂಚು ಕಿತ್ತಿಲ್ಲ. ಅಂದರೆ ಕೊಳ್ಳುವಾಗಲೇ ಎಳೆದು, ಹಿಂಜಿ, ಬೆಳಕಿಗೆ ಹಿಡಿದು ನೋಡಿ ಕೊಂಡವಳು. ಬಾಯಿ ಜೋರು. ಚೌಕಾಸಿಗೆ ನಿಂತರೆ ಅಂಗಡಿಯವನೇ ನೀರು ಕುಡಿಯಬೇಕು. ಆದೋನಿಯ ಬಟ್ಟೆ ಬಜಾರಿನಲ್ಲಿ ಹೊಳಗುಂದದ ಬಸಲಿಂಗಮ್ಮನಿಗೆ ಎಲ್ಲರೂ ಕಟ್ಟಿದ ಬೆಲೆ ಒಂದೇ: ಲಾಭವಿಲ್ಲದ ಗಿರಾಕಿ, ಆದರೆ ಬಿಟ್ಟುಕೊಡಬಾರದ ಗಿರಾಕಿ.

ಯಾಕೆಂದರೆ ಬೇರೆ ಯಾರೂ ಕೊಳ್ಳದ ಮಾಲನ್ನು ಆಕೆ ಕೊಳ್ಳುತ್ತಿದ್ದಳು. ಥಾನು ಮುಗಿದ ಮೇಲೆ ಉಳಿದ ತುಂಡು, ಅಂಗಡಿ ಮುಂದೆ ತೂಗಿಬಿಟ್ಟು ಬಿಸಿಲಿಗೆ ಬಣ್ಣ ಹೋದ ಬಟ್ಟೆ, ದರ್ಜಿಯ ಕಾಲಡಿಯ ಚೂರು. ಗಂಟು ಕಟ್ಟಿ ಬಸ್ಸಿಗೆ ಏರಿಸಿಕೊಂಡು ಹೋಗಿ, ಚೂರು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಬಾಣಂತಿಗೆ, ಮದುವೆಗೆ, ಕುರಿ ಹಿಂದೆ ಅಡವಿಯಲ್ಲಿ ಮಲಗುವ ಗಂಡಸರಿಗೆ ಊರಲ್ಲಿ ಆಕೆಯ ಕೌದಿಯೇ ಬೇಕು. ಅಂಗಡಿಯವ "ಇದು ನೋಡು ಬಸಲಿಂಗಮ್ಮ, ಅಸಲು ನೀಲಿ" ಎಂದು ಮುಂದೆ ಚೆಲ್ಲಿದರೆ ಆಕೆ ಒಂದು ತುದಿ ಎತ್ತಿ ನೋಡಿ ಅನ್ನುವಳು:

"ಸಾವ್ಕಾರ್ರ, ಇದು ನೀಲಿ ಇದ್ದದ್ದು ನಿಮ್ಮಪ್ಪನ ಕಾಲದಾಗ. ಈಗ ಇದರ ಹೆಸರು ಬೂದಿ. ಬೂದಿ ರೇಟ್ ಹೇಳ್ರಿ."

ಅಂಥವಳ ಕಣ್ಣೇ ಹೋಯಿತು.

ಬಸಲಿಂಗಮ್ಮನ ತವರು ಸಿರುಗುಪ್ಪದ ಕಡೆ, ಅಂದರೆ ಕರ್ನಾಟಕ. ಗಂಡ ನರಸಪ್ಪ ಹೊಳಗುಂದದವನು, ಅಂದರೆ ಆಂಧ್ರ. ನಡುವೆ ಇರುವುದು ಒಂದು ಬಸ್ಸಿನ ದಾರಿ, ಆದರೆ ಸರ್ಕಾರಗಳು ಎರಡು. ಆ ಕಡೆಯ ಹೆಣ್ಣುಮಕ್ಕಳು ಮದುವೆಯಾಗಿ ಈ ಕಡೆ ಬರುವಾಗ ಪಾತ್ರೆ, ಸೀರೆ, ಕುರಿಮರಿ ಎಲ್ಲ ತರುತ್ತಾರೆ, ಹೆಸರು ಮಾತ್ರ ತರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಅದು ತವರಲ್ಲೇ ಉಳಿಯುತ್ತದೆ. "ಇರ್ಲಿ ಬಿಡವ್ವ, ನಿನ್ನ ಹೆಸರಿನ ಅಕ್ಕಿ ನಮ್ಮ ಮಕ್ಕಳು ಉಣ್ತಾರ" ಎಂದು ಅಣ್ಣ ಅಂದ. ತವರಿಗೆ ಅಷ್ಟಾದರೂ ಕೊಟ್ಟಂತಾಯಿತೆಂದು ಆಕೆಯೂ ಸುಮ್ಮನಾದಳು. ನರಸಪ್ಪ ಬದುಕಿರುವಾಗ ಬದಲಾಯಿಸೋಣ ಬದಲಾಯಿಸೋಣ ಎನ್ನುತ್ತಲೇ ಇದ್ದ. ಹಂಗೇ ಹೋಗಿಬಿಟ್ಟ. ಇದ್ದೊಬ್ಬ ಮಗಳನ್ನು ಕೌತಾಳಕ್ಕೆ ಕೊಟ್ಟಾಯಿತು. ಉಳಿದದ್ದು ಬಾವ, ಅಂದರೆ ಗಂಡನ ಅಣ್ಣ ಉರುಕುಂದ, ಅವನ ಹೆಂಡತಿ ಕೊಂಡಮ್ಮ, ಅವರ ಕುರಿ ಹಟ್ಟಿ, ಒಂದೇ ಒಲೆ.

ನೆಗೆಣ್ಣಿಯರಿಬ್ಬರೂ ಬೆಳಿಗ್ಗೆ ಜಗಳವಾಡಿ ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಉಣ್ಣುವವರು. ಬಾವನ ಮುಂದೆ ಮಾತ್ರ ಬಸಲಿಂಗಮ್ಮ ನೇರ ಬಾಯಿ ತೆರೆಯುವಂತಿಲ್ಲ, ಮನೆತನದ ಪದ್ಧತಿ. ಅವನಿಗೆ ಏನಾದರೂ ಹೇಳುವುದಿದ್ದರೆ ಕಂಬಕ್ಕೆ ಹೇಳಬೇಕು. ಅವನೂ ಕಂಬಕ್ಕೇ ಉತ್ತರ ಕೊಡುತ್ತಾನೆ. ಆ ಮನೆಯ ಕಂಬಕ್ಕೆ ಗೊತ್ತಿರುವಷ್ಟು ಸುದ್ದಿ ಪಂಚಾಯ್ತಿಗೂ ಗೊತ್ತಿಲ್ಲ.

ಮೊದಲು ತಲೆನೋವು ಬಂತು, ಹುಬ್ಬಿನ ಮೇಲೆ ಗೂಟ ಹೊಡೆದಂತೆ. ಸಂಜೆ ಲೈಟು ಹಾಕಿದರೆ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ಬಳೆಗಾರನ ಮಳಿಗೆ ಆಗೈತಿ ಮನಿ ಎಂದು ನಕ್ಕಳು. ಆಮೇಲೆ ಪಕ್ಕದಲ್ಲಿ ಬಂದ ಕುರಿ ಕಾಣದೆ ಎಡವಿ ಬಿದ್ದಳು. ಸೂಜಿಗೆ ದಾರ ಹೋಗದಾಯಿತು. ಅದಕ್ಕೆ ಮಾತ್ರ ಹೆದರಿದಳು.

ಆದೋನಿಯ ಒಂದು ಖಾಸಗಿ ಕಣ್ಣಾಸ್ಪತ್ರೆಯವರು ಕಾರ್ಡ್ ಇದ್ದವರಿಗೆ ತಪಾಸಣೆ ಪುಕ್ಕಟೆ ಎಂದು ಆಟೋದಲ್ಲಿ ಮೈಕು ಕಟ್ಟಿ ಊರೂರು ಸುತ್ತಿಸಿದ್ದರು. ಕಾರ್ಡ್ ಅಂದರೆ ಆಂಧ್ರದ ಕಾರ್ಡು. ಬಸಲಿಂಗಮ್ಮನ ಹೆಸರಿದ್ದದ್ದು ಗಡಿಯಾಚೆ. ಕೊಂಡಮ್ಮ ಟ್ರಂಕಿನಿಂದ ತನ್ನ ಕಾರ್ಡು ತೆಗೆದು ಆಕೆಯ ಉಡಿಗೆ ಹಾಕಿದಳು.

"ಹೋಗು. ಕೇಳಿದ್ರ ಕೊಂಡಮ್ಮ ಅನ್ನು."

"ಫೋಟೋ ಐತಲ್ಲ ಯಕ್ಕಾ?"

"ಆ ಫೋಟೋದಾಗ ನನ್ನ ನೋಡಿದ್ರ ನನ್ನ ಗಂಡನೇ ಗುರುತು ಹಿಡಿಯಂಗಿಲ್ಲ. ಸೆರಗು ಹೊದ್ದ ಒಂದು ಹೆಂಗಸು ಐತಿ, ಅಷ್ಟೇ."

ಆ ಕಡೆ ಇದು ಹೊಸದೇನಲ್ಲ. ಗಡಿ ದಾಟಿ ಬಂದ ಸೊಸೆಯರು ಅರ್ಧಕ್ಕರ್ಧ ಆಸ್ಪತ್ರೆಯಲ್ಲಿ ಇನ್ನೊಬ್ಬರ ಹೆಸರಿಗೆ ಓಗೊಡುತ್ತಾರೆ. ಕುಂಕುಮ, ಬಳೆ, ಉಪ್ಪು ಕೊಟ್ಟಂತೆ ಹೆಸರನ್ನೂ ಕೈಗಡ ಕೊಡುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಕೂತ ಹುಡುಗಿ ಕಾರ್ಡು ನೋಡಿ ಬರೆದುಕೊಂಡಳು, ಮುಖ ನೋಡಲಿಲ್ಲ. ಡಾಕ್ಟರು ಟಾರ್ಚು ಹಾಕಿ ಕಣ್ಣು ನೋಡಿದ, ಅವನೂ ಮುಖ ನೋಡಲಿಲ್ಲ.

"ಕಣ್ಣು ಹಿಂಡಿದಂಗ ಆಗ್ತೈತ್ರಿ. ಲೈಟಿನ ಸುತ್ತ ಬಣ್ಣದ ಬಳೆ ಕಾಣ್ತಾವ," ಅಂದಳು.

"ಶುಕ್ಲಂ. ಇಂಕಾ ಮುದರಲೇದಮ್ಮಾ," ಅಂದ ಡಾಕ್ಟರು. ಪೊರೆ ಬಂದಿದೆ, ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ಬಾ, ಆಪರೇಷನ್ ಮಾಡೋಣ.

ಇದು ಬಸಲಿಂಗಮ್ಮನಿಗೆ ಅರ್ಥವಾಗುವ ಮಾತು. ಹಣ್ಣಾಗದ್ದನ್ನು ಕೀಳಬಾರದು. ಊರಿಗೆ ಬಂದು ಹೇಳಿದಳು. ಕೊಂಡಮ್ಮ ರೊಟ್ಟಿ ಬಡಿಯುತ್ತಲೇ ಅಂದಳು:

"ನನ್ನ ಹೆಸರಿನಾಗ ಬೆಳಸಾಕತ್ತೀ. ಫಸಲು ಬಂದ್ರ ನನಗೂ ಪಾಲು ಕೊಡವ್ವ."

ನಕ್ಕರು. ಇಂಥ ನಗೆಗೆ ಆಮೇಲೆ ಬಡ್ಡಿ ಎಷ್ಟು ಬಿದ್ದೀತೆಂದು ಯಾರೂ ಮೊದಲೇ ಹೇಳುವುದಿಲ್ಲ.

ಬೇಸಿಗೆ ಕಳೆದು ಮತ್ತೆ ಹೋದಳು. ಇನ್ನೂ ಹಣ್ಣಾಗಿಲ್ಲ. ಸುಗ್ಗಿ ಮುಗಿಸಿ ಹೋದಳು. ಇನ್ನೂ ಹಣ್ಣಾಗಿಲ್ಲ, ತಲೆನೋವಿಗೆ ಈ ಮಾತ್ರೆ ತಗೋ. ಪ್ರತಿ ಸಲವೂ ಬಳೆ ಅಂದಳು, ಹಿಂಡುತ್ತದೆ ಅಂದಳು, ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ ಅಂದಳು. ಪ್ರತಿ ಸಲವೂ ಟಾರ್ಚು. ಆಸ್ಪತ್ರೆಯಿಂದ ಹೊರಟು ಬಟ್ಟೆ ಬಜಾರಿಗೆ ಬರುವಳು. ಚೂರು ಆರಿಸುವಾಗ ಬಟ್ಟೆಯನ್ನು ಮೂಗಿನ ತುದಿಗೆ ತಂದು, ಕತ್ತು ಹೊರಳಿಸಿ ಹೊರಳಿಸಿ ನೋಡುವಳು, ಕೋಳಿ ಕಾಳು ನೋಡಿದಂತೆ. ಆದರೂ ಆಕೆಗೆ ಬೂದಿಯನ್ನು ನೀಲಿ ಅಂತ ಮಾರಲು ಯಾರಿಂದಲೂ ಆಗಲಿಲ್ಲ.

ಕೊನೆಗೊಂದು ಬೆಳಿಗ್ಗೆ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದು ಕೈ ಇಟ್ಟು ನೋಡಿ ಸುಟ್ಟುಕೊಂಡಳು. ಹಣ್ಣಾಯಿತು ಅಂದುಕೊಂಡಳು. ಕೊಂಡಮ್ಮ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಪರೇಷನ್ನಿಗೆ ಕಾರ್ಡಿನ ಮಿಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಬೇಕು, ಹೆಬ್ಬೆಟ್ಟಿಗೆ ಕೈಗಡ ಇಲ್ಲ. ಹಾಗಾಗಿ ಅಂದು ಮೊದಲ ಸಲ ಬಸಲಿಂಗಮ್ಮ ತನ್ನ ಹೆಸರನ್ನೇ ಬರೆಸಿ, ದುಡ್ಡು ಕಟ್ಟಿ ಒಳಗೆ ಹೋದಳು. ಅಂದು ಕೂತಿದ್ದವನು ಬೇರೆ ಡಾಕ್ಟರು, ಹೊಸಬ. ನೋಡಿದವನೇ ಮಾತು ನಿಲ್ಲಿಸಿ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಬರೆದುಕೊಟ್ಟ.

ಬಳ್ಳಾರಿಯಲ್ಲಿ ನೋಡಿದ ಡಾಕ್ಟರಮ್ಮ ಕನ್ನಡದವಳು.

"ಇದಕ್ಕಿಂತ ಮುಂಚೆ ಯಾರೂ ಕಣ್ಣಿನ ಒತ್ತಡ ನೋಡಲಿಲ್ವಾ?"

"ಟಾರ್ಚ್ ಹಾಕಿ ನೋಡಿದ್ರಲ್ರಿ. ಪೊರಿ ಹಣ್ಣಾಗ್ಲಿ ಅಂದ್ರು."

"ಪೊರೆ ಸ್ವಲ್ಪ ಇದೆ ಅಮ್ಮಾ. ಕಣ್ಣು ಹೋಗಿದ್ದು ಅದರಿಂದಲ್ಲ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ. ಗ್ಲಾಕೋಮಾ ಅಂತಾರೆ. ಮೊದಲೇ ಗೊತ್ತಾಗಿದ್ರೆ ಔಷಧಿ ಹಾಕಿ ಇದ್ದಷ್ಟು ಉಳಿಸಬಹುದಿತ್ತು."

"ಇನ್ನು ಹಣ್ಣಾಗಂಗಿಲ್ಲೇನ್ರಿ?"

"ಇದು ಹಣ್ಣಾಗೋ ರೋಗ ಅಲ್ಲ."

ಊರಿಗೆ ಬಂದ ಮೇಲೆ ಬಸಲಿಂಗಮ್ಮನನ್ನು ಸುಟ್ಟದ್ದು ಕತ್ತಲೆಯಲ್ಲ, ನೋಡಲು ಬಂದವರ ಮಾತು. ಬಂದವರೆಲ್ಲ ಕಾಫಿ ಕುಡಿದು ಹೇಳಿದ್ದು ಒಂದೇ: "ತಡ ಮಾಡಿದ್ಯವ್ವ. ಮೊದಲೇ ತೋರಿಸಬೇಕಿತ್ತು." ಚೌಕಾಸಿಯಲ್ಲಿ ಯಾರಿಗೂ ಸೋಲದವಳು ಈ ಮಾತಿಗೆ ಸೋತಳು. ತಡ ಮಾಡಿಲ್ಲ. ಕರೆದಾಗಲೆಲ್ಲ ಹೋಗಿದ್ದಾಳೆ, ಬಾ ಅಂದಾಗಲೆಲ್ಲ ಬಂದಿದ್ದಾಳೆ.

ಬಟ್ಟೆ ಬಜಾರಿನವರು ವಕೀಲ ಸಿದ್ದಬಸಪ್ಪನ ಮನೆ ತೋರಿಸಿದರು. ಸಿದ್ದಬಸಪ್ಪ ಜಗಳ ಕಂಡರೆ ಹಸಿವು ಮರೆಯುವ ಮನುಷ್ಯ. ಕರ್ನೂಲಿನ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ. ಆಸ್ಪತ್ರೆಯವರ ಉತ್ತರ ಬಂತು: ಬಸಲಿಂಗಮ್ಮ ಎಂಬವರು ನಮ್ಮಲ್ಲಿಗೆ ಬಂದದ್ದು ಒಂದೇ ಸಲ, ಅಷ್ಟರಲ್ಲಿ ದೃಷ್ಟಿ ಪೂರ್ತಿ ಹೋಗಿತ್ತು, ರೋಗಿಯೇ ತಡ ಮಾಡಿದ್ದಾರೆ.

ಸಿದ್ದಬಸಪ್ಪ ಕನ್ನಡಕ ಹಣೆಗೇರಿಸಿದ. "ಏನಮ್ಮಾ, ಎಷ್ಟೋ ಸಲ ಹೋದೆ ಅಂದಿದ್ದಿ?"

"ಹೋಗೀನ್ರಿ. ಕೊಂಡಮ್ಮ ಅಂತ."

"ಕೊಂಡಮ್ಮ ಯಾರು?"

"ನಾನೇ."

"ಮತ್ತೆ ಬಸಲಿಂಗಮ್ಮ?"

"ಅದೂ ನಾನೇ."

"ಇಲ್ಲಿ ನಿನ್ನ ಪಕ್ಕ ಕೂತಾಕಿ?"

"ಕೊಂಡಮ್ಮ," ಅಂದಳು ಕೊಂಡಮ್ಮ.

ವಕೀಲ ಕನ್ನಡಕ ಇಳಿಸಿ ಮೇಜಿನ ಮೇಲಿಟ್ಟ. ದಾರಿ ಒಂದೇ ಇತ್ತು. ಕಾರ್ಡು ಕೊಟ್ಟದ್ದು ನಾನು, ಹೋದವಳು ಆಕೆ ಎಂದು ಕೊಂಡಮ್ಮ ಪ್ರಮಾಣ ಮಾಡಿ ಹೇಳಬೇಕು. ಹೇಳಿದರೆ ಕಾರ್ಡು ಹೋಗಬಹುದು, ಕೇಸೂ ಬೀಳಬಹುದು. ಹೇಳದಿದ್ದರೆ ಬಸಲಿಂಗಮ್ಮ ತಡ ಮಾಡಿದವಳೆಂದೇ ಕಾಗದದಲ್ಲಿ ಉಳಿಯುತ್ತದೆ.

ಮನೆಯಲ್ಲಿ ಉರುಕುಂದ ಕಂಬಕ್ಕೆ ಹೇಳಿದ: "ಹೋದ ಕಣ್ಣು ಬರಂಗಿಲ್ಲ. ಇದ್ದ ಕಾರ್ಡ್ ಯಾಕ ಹೋಗ್ಬೇಕು? ಅಕ್ಕಿ ಐತಿ, ನಾಳೆ ಪಿಂಚಣಿ ಐತಿ, ನನಗ ಎದಿನೋವು ಬಂದ್ರ ಆಸ್ಪತ್ರಿ ಐತಿ."

ತಪ್ಪೇನೂ ಹೇಳಲಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಅವನ ಮಾತು ನೆಟ್ಟಗೇ ಇತ್ತು. ಬಸಲಿಂಗಮ್ಮನೂ ಕಂಬದ ಕಡೆ ಮುಖ ಮಾಡಿದಳು. ಕಂಬ ಎಲ್ಲಿದೆಯೆಂದು ಸರಿಯಾಗಿ ತಿಳಿಯದೆ ಗೋಡೆಗೇ ಹೇಳಿದಳು:

"ಬಾವ ಹೇಳಿದ್ದು ಖರೇ ಐತಿ. ಕೇಸ್ ಬಿಡ್ತೀನಿ ಅಂತ ವಕೀಲ್ರಿಗೆ ಹೇಳ್ತೀನಿ."

ಕೊಂಡಮ್ಮನಿಗೆ ಬೇರೆಯೇ ಒಂದು ಹೆದರಿಕೆ ಇತ್ತು, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಕಣ್ಣು ಕೆಟ್ಟಿರುವುದು ಕೊಂಡಮ್ಮನಿಗೆ. ರೋಗ ಹೆಸರು ಹುಡುಕಿಕೊಂಡು ಬಂದರೆ? ದಿನಾ ಎದ್ದ ಕೂಡಲೇ ಒಂದು ಕಣ್ಣು ಮುಚ್ಚಿ ಗೋಡೆ ಮೇಲಿನ ಕ್ಯಾಲೆಂಡರಿನ ರಾಯರನ್ನು ನೋಡುವಳು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡುವಳು. ಎರಡೂ ಕಣ್ಣಿಗೆ ರಾಯರು ಕಂಡರೆ ಕೈ ಮುಗಿದು, ನೆಗೆಣ್ಣಿಯ ಸೂಜಿಗಳಿಗೆ ದಾರ ಪೋಣಿಸಲು ಕೂಡುವಳು. ಅಂದಿನ ಕೆಲಸಕ್ಕೆ ಬೇಕಾದಷ್ಟು ಸೂಜಿ ಪೋಣಿಸಿ ಹಳೆ ದಿಂಬಿಗೆ ಸಾಲಾಗಿ ಚುಚ್ಚಿಡುವಳು. ತುಂಡುಗಳನ್ನು ಹಾಸಿ, ಜರುಗದಂತೆ ಟಾಕು ಹಾಕಿಕೊಡುವಳು. ಬಸಲಿಂಗಮ್ಮ ಬೆರಳಿನಿಂದ ಅಂಚು ಹುಡುಕಿ, ಮುಂದೆ ಮುಂದೆ ಹೊಲಿಯುತ್ತಾ ಹೋಗುವಳು.

ಕೇಸು ಬಿಡುತ್ತೇನೆಂದು ಆದೋನಿಗೆ ಹೊರಟ ದಿನವೂ ಕೊಂಡಮ್ಮ ದಾರ ಪೋಣಿಸುತ್ತಿದ್ದಳು. ಪೋಣಿಸುತ್ತಲೇ ಕೇಳಿದಳು.

"ಅವರು ಕೊಂಡಮ್ಮ ಅಂತ ಕರೆದಾಗ ನೀನು ಓ ಅಂದ್ಯೋ ಇಲ್ಲೋ?"

"ಅಂದೆ."

"ಅಂದ್ರ ನನ್ನ ಹೆಸರು ಕರದು ಕೂಡಿಸಿ, ನಿನ್ನ ಕಣ್ಣು ಕಳದ್ರು. ಈಗ ನಾ ಸುಮ್ನಿದ್ರ, ಆ ಕಾಗದದಾಗಿನ ಕೊಂಡಮ್ಮ ಸುಳ್ಳಿ, ನೀನೂ ಸುಳ್ಳಿ. ಇಬ್ಬರೂ ಯಾಕ ಸುಳ್ಳಿ ಆಗೋಣ? ನಾನೊಬ್ಬಾಕಿ ಕಳ್ಳಿ ಆದ್ರ ಸಾಕು."

"ಯಕ್ಕಾ, ಬಾವ..."

"ನಿಮ್ಮ ಬಾವನ್ನ ಕಂಬ ನೋಡ್ಕೊಂತೈತಿ. ಏಳು, ಬಸ್ ಬಂತು."

ಇಂಥ ಕೇಸುಗಳು ಹೆಚ್ಚಾಗಿ ಕಾಗದದ ಮೇಲೇ ನಡೆಯುತ್ತವಂತೆ. ಆದರೆ ಹೆಸರು ಅದಲು ಬದಲಾದದ್ದು ಕೊಂಡಮ್ಮನ ಪ್ರಮಾಣಪತ್ರದಿಂದ ತಿಳಿದ ಕಾರಣ ಆಯೋಗದ ಅಧ್ಯಕ್ಷರು ಇಬ್ಬರನ್ನೂ ಕರೆಸಿದರು. ಟಾರ್ಚು ಹಾಕಿದ ಆ ಡಾಕ್ಟರನನ್ನೂ ಕರೆಸಿದ್ದರು. ದಿನಾ ಎಷ್ಟೋ ಜನ ಬರುತ್ತಾರೆ, ಮುಖ ನೆನಪಿಲ್ಲ ಎಂದ ಅವನು. ದನಿ ಬಂದ ಕಡೆ ಬಸಲಿಂಗಮ್ಮ ತಿರುಗಿದಳು.

"ಖರೇ ಹೇಳ್ತಾರ ಬಿಡ್ರಿ. ನನ್ನ ಮುಖ ಯಾವಾಗ ನೋಡಿದ್ರು? ನೋಡಿದ್ದು ಬರೇ ಕಣ್ಣು, ಅದನ್ನೂ ನೋಡ್ಲಿಲ್ಲ."

ಆಸ್ಪತ್ರೆಯ ವಕೀಲ ಕೊಂಡಮ್ಮನ ಮೇಲೆ ತೆಲುಗಿನಲ್ಲಿ ಏರಿಹೋದ. ನೀನು ಸರ್ಕಾರಕ್ಕೆ ಮೋಸ ಮಾಡಿದೆಯಲ್ಲವೇ? ಕಾರ್ಡು ಬೇರೆಯವರಿಗೆ ಕೊಡುವುದು ಅಪರಾಧವೆಂದು ಗೊತ್ತಿಲ್ಲವೇ? ತೆಲುಗು ಕೊಂಡಮ್ಮನಿಗೆ ಕನ್ನಡದಷ್ಟೇ ಸಲೀಸು, ಆದರೆ ಅಂದು ಹೆದರಿಕೆಗೆ ಬಾಯಲ್ಲಿ ಬಂದದ್ದು ಕನ್ನಡ.

"ಮೋಸ ಮಾಡೀನ್ರಿ. ಕಾರ್ಡ್ ತಂದೀನಿ, ತಗೊಳ್ರಿ." ಉಡಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ಯಾರೂ ಮುಟ್ಟಲಿಲ್ಲ.

ಅಷ್ಟಕ್ಕೇ ನಂಬುತ್ತಾರೆಯೇ? ಮನೆಯವರೇ ಕೂಡಿ ಕಥೆ ಕಟ್ಟಿದ್ದಾರೆ ಎಂದಿತು ಆಸ್ಪತ್ರೆ. ಆಗ ಸಿದ್ದಬಸಪ್ಪ ಎದ್ದು ಒಂದೇ ಕೇಳಿದ: ಈ ಕೊಂಡಮ್ಮನ ಕಣ್ಣನ್ನು ಸರ್ಕಾರಿ ಡಾಕ್ಟರ ಹತ್ತಿರ ತೋರಿಸಿ.

ತೋರಿಸಿದರು. ಎರಡೂ ಕಣ್ಣು ಸ್ವಚ್ಛ. ಪೊರೆಯ ಒಂದು ಎಳೆಯೂ ಇಲ್ಲ, ಆಪರೇಷನ್ ಆದ ಗುರುತೂ ಇಲ್ಲ. ಆಸ್ಪತ್ರೆಯೇ ಹಾಜರುಪಡಿಸಿದ ಕಾಗದದಲ್ಲಿ ಮಾತ್ರ ಸಲಸಲವೂ ಬರೆದಿತ್ತು: ಕೊಂಡಮ್ಮ, ಎರಡೂ ಕಣ್ಣಿಗೆ ಪೊರೆ, ಇನ್ನೂ ಬಲಿತಿಲ್ಲ. ಬಂದ ಪೊರೆ ತಾನಾಗಿ ಕರಗುವುದಿಲ್ಲ. ಹಾಗಾದರೆ ಎರಡರಲ್ಲಿ ಒಂದು. ಟಾರ್ಚಿನ ಮುಂದೆ ಕೂತಿದ್ದವಳು ಬಸಲಿಂಗಮ್ಮನೇ. ಅಲ್ಲವೆಂದರೆ, ಇವರು ಪೊರೆ ಇಲ್ಲದ ಕಣ್ಣಲ್ಲಿ ಪೊರೆ ಕಂಡವರು. ಯಾವುದನ್ನು ಒಪ್ಪಿದರೂ ನಷ್ಟ. ಬಜಾರಿನಲ್ಲಿ ಇಂಥ ಸ್ಥಿತಿಗೆ ಬಂದವನು ಕದ ಎಳೆದುಕೊಂಡು ಊಟಕ್ಕೆ ಹೋಗುತ್ತಾನೆ. ಆಸ್ಪತ್ರೆಯ ವಕೀಲ ವಾಯಿದೆ ಕೇಳಿದ.

ಕೊಂಡಮ್ಮನ ಹೆದರಿಕೆಯೂ ಕಣ್ಣು ತೋರಿಸಿದ ದಿನವೇ ಹೋಗಿತ್ತು. ನಿನ್ನ ಕಣ್ಣಿಗೆ ಏನೂ ಆಗಿಲ್ಲವಮ್ಮಾ ಎಂದು ಸರ್ಕಾರಿ ಡಾಕ್ಟರು ಹೇಳಿದಾಗ, ಅಲ್ಲಿಯೇ ಬೆಂಚಿನ ಮೇಲೆ ಕೂತು ಗಳಗಳ ಅತ್ತಳಂತೆ. ಪಕ್ಕದಲ್ಲಿ ಕುರುಡಿ ಕೂತಿದ್ದಾಳೆಂಬುದು ನೆನಪಾಗಿ ಸೆರಗು ಬಾಯಿಗೆ ತುರುಕಿದಳು. ಬಸಲಿಂಗಮ್ಮ ಕೈಯಿಂದ ಅವಳ ಬೆನ್ನು ಹುಡುಕಿ ತಟ್ಟಿದಳು.

"ಅಳು ಯಕ್ಕಾ. ಕಣ್ಣಿದ್ದೋರು ಅಳಬೇಕು."

ತೀರ್ಪು ಬಂತು. ಕಣ್ಣಿನ ಒತ್ತಡ ಒಮ್ಮೆಯೂ ನೋಡದ್ದು ಆಸ್ಪತ್ರೆಯ ಲೋಪ, ರೋಗಿ ವೇಳೆಗೆ ಸರಿಯಾಗಿ ಬಂದಿದ್ದರು. ಆದರೆ ಸುಳ್ಳು ಹೆಸರಿನಲ್ಲಿ ಬಂದದ್ದರಿಂದ ಪರಿಹಾರ ಕಡಿಮೆ ಮಾಡಲಾಗಿದೆ. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಇನ್ನೊಬ್ಬರ ಗಲ್ಲಾ ಎಣಿಸುವುದು ಅಂಗಡಿಕಾರನಿಗೆ ಶೋಭೆಯಲ್ಲ. ಅದೂ ಕೈಗೆ ಬಂದಿಲ್ಲ. ಆಸ್ಪತ್ರೆಯವರು ಮೇಲಿನ ಆಯೋಗಕ್ಕೆ ಹೋಗಿದ್ದಾರೆ. ಆಸ್ಪತ್ರೆ ನಡೆಯುತ್ತಿದೆ, ಆಟೋದ ಮೈಕು ಇನ್ನೂ ಊರೂರು ಸುತ್ತುತ್ತಿದೆ. ಕಾರ್ಡಿನವರು ಮಾತ್ರ ತಡ ಮಾಡಲಿಲ್ಲ. ಉರುಕುಂದನ ಮನೆಯ ಕಾರ್ಡನ್ನು ತಡೆಹಿಡಿದು, ವಿಚಾರಣೆ ಎಂದು ಕಾಗದ ಅಂಟಿಸಿ ಹೋದರು. ಉರುಕುಂದ ಹಟ್ಟಿಯ ಪಕ್ಕ ಮೂರು ಕಲ್ಲಿಟ್ಟು ತನ್ನ ಒಲೆ ಬೇರೆ ಮಾಡಿಕೊಂಡ. ಈಗ ಅವನು ಕಂಬಕ್ಕೂ ಮಾತಾಡುವುದಿಲ್ಲ. ಕೊಂಡಮ್ಮ ಎರಡೂ ಒಲೆ ಹಚ್ಚುತ್ತಾಳೆ. ಮೊದಲು ಗಂಡನದು, ಆಮೇಲೆ ನೆಗೆಣ್ಣಿಯದು.

ಸಿದ್ದಬಸಪ್ಪ ತೀರ್ಪನ್ನು ಕನ್ನಡದಲ್ಲಿ ಓದಿ ಹೇಳಿದಾಗ ಬಸಲಿಂಗಮ್ಮ ಪರಿಹಾರದ ಭಾಗ ಪೂರ್ತಿ ಕೇಳಲಿಲ್ಲ. "ಅದಲ್ರಿ, ಮುಂಚಿಂದು ಓದ್ರಿ," ಅಂದಳು.

"ಯಾವುದು?"

"ವೇಳೆಗೆ ಬಂದಿದ್ರು ಅಂತ ಐತಲ್ಲ, ಅದು."

ಅವನು ಮತ್ತೆ ಓದಿದ. ಇನ್ನೊಮ್ಮೆ ಅಂದಳು. ಇನ್ನೊಮ್ಮೆ ಓದಿದ. ಆ ಹಾಳೆಯ ನಕಲು ಮಾಡಿಸಿಕೊಂಡು ಹೋಗಿ ಬಾಗಿಲ ಒಳಗೋಡೆಗೆ ಅಂಟಿಸಿದ್ದಾಳೆ. ಕಾಫಿ ಕುಡಿಯಲು ಬಂದವರಿಗೆ ಮೊದಲು ಅದನ್ನು ಓದಿಸಿ, ಆಮೇಲೆ ಕಾಫಿ ಕೊಡುತ್ತಾಳಂತೆ. ಈಗ ಬರುವವರು ಕಡಿಮೆ.

ಈಗಲೂ ಆಕೆ ಆದೋನಿಗೆ ಬರುತ್ತಾಳೆ, ಕೊಂಡಮ್ಮನ ಸೆರಗಿನ ತುದಿ ಹಿಡಿದು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಚೂರುಗಳನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳಿನಿಂದ ನೇಯ್ಗೆ ನೋಡುತ್ತಾಳೆ. ಹತ್ತಿಯೋ, ಪಾಲಿಯೆಸ್ಟರ್ ಮಿಕ್ಸೋ, ಸಡಿಲವೋ, ಗಟ್ಟಿಯೋ ಅದೆಲ್ಲ ಬೆರಳಿಗೆ ತಿಳಿಯುತ್ತದೆ. ಬಣ್ಣ ತಿಳಿಯುವುದಿಲ್ಲ. ಕೊಂಡಮ್ಮನನ್ನು ಕೇಳಿದರೆ, ಪಾಪ ಆಕೆ ನೆಗೆಣ್ಣಿಯ ಮನಸ್ಸು ನೋಯಬಾರದೆಂದು ಎಲ್ಲವನ್ನೂ "ಭಾರೀ ಛಲೋ ಐತಿ, ಕೆಂಪನೇದು" ಅನ್ನುತ್ತಾಳೆ. ಹಾಗಾಗಿ ಬಸಲಿಂಗಮ್ಮ ತುಂಡನ್ನು ಅಂಗಡಿಯೊಳಕ್ಕೆ ಎತ್ತಿ ಹಿಡಿದು ಕೇಳುತ್ತಾಳೆ:

"ಸಾವ್ಕಾರ್ರ, ಇದರ ಹೆಸರೇನು?"

ಬಿಸಿಲಿಗೆ ಹೋದ ಮಾಲನ್ನು ಹೊಸದೆಂದು ಕೊಟ್ಟರೂ ಆಕೆಗೀಗ ತಿಳಿಯುವಂತಿಲ್ಲ. ಇದನ್ನು ಬರೆದ ಬಟ್ಟೆ ವ್ಯಾಪಾರಿಗೆ ಇಂಥ ಗಿರಾಕಿ ಆಯುಷ್ಯದಲ್ಲಿ ಸಿಕ್ಕಿರಲಿಲ್ಲ. ಆಕೆ ಕೇಳಿದಾಗ, ನೀಲಿಯನ್ನು ನೀಲಿ, ಬೂದಿಯನ್ನು ಬೂದಿ ಎಂದೇ ಹೇಳುತ್ತಾನೆ. ಅವನು ಆಕೆಗೆ ಕೊಡಬೇಕಾದದ್ದು ಅದು.